ತೂಕ ಇಳಿದರೆ ಸಾಲದು, ನರಕ್ಕೂ ಗುಂಡಿಗೆಗೂ ಬಲ ಬೇಕು

ಸೋದರಿಯರೇ, ಬೊಜ್ಜು ಕರಗಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುವವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಅದು ಕೆಟ್ಟದ್ದಲ್ಲ, ಸಕ್ಕರೆ ಕಾಯಿಲೆ, ಬಿ.ಪಿ. ಹತೋಟಿಗೆ ಬರುತ್ತವೆ. ಆದರೆ ಆಮೇಲಿನ ತಿಂಗಳುಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು.

ಬಿ-1 ಎಂಬ ಜೀವಸತ್ವ ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಕೂಡಿರುತ್ತದೆ. ಊಟ ನಾಲ್ಕು ತುತ್ತಿಗಿಳಿದು, ಮೇಲೆ ದಿನಾ ವಾಂತಿಯೂ ಆದರೆ ಅದು ಬೇಗ ಬರಿದಾಗುತ್ತದೆ. ಆಗ ಅಂಗಾಲು ಉರಿ, ಜೋಮು. ಒಂದು ವಸ್ತು ಎರಡಾಗಿ ಕಾಣುವುದು. ನಡೆದರೆ ತೂರಾಟ, ಮಾತಿನಲ್ಲಿ ಗೊಂದಲ. ಎದೆ ಡವಡವ ಎನ್ನುವುದು, ಕಾಲು ಬಾವು, ಏದುಸಿರು ಕೂಡ ಬರಬಹುದು. ಹಿಂದೆ ಪಾಲಿಶ್ ಅಕ್ಕಿಯನ್ನೇ ಉಂಡವರನ್ನು ಕಾಡಿದ ಬೆರಿಬೆರಿ ಇದೇ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೂ ಗುಂಡಿಗೆಯ ಬಡಿತ ತಾಳ ತಪ್ಪುತ್ತದೆ.

“ತೂಕ ಇಳೀಲಿಕ್ಹತ್ತದ, ನಿಶ್ಶಕ್ತಿ ಇರೂದೇ” ಎಂದು ಸುಮ್ಮನೆ ಕೂಡಬೇಡಿರಿ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಜಿಮ್ಸ್, ಇಎಸ್‌ಐಸಿ ಆಸ್ಪತ್ರೆಗಳಿವೆ. 2024ರ ಡಿಸೆಂಬರಿನಲ್ಲಿ ನಗರದಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆಯೂ ತೆರೆದಿದೆ. ಎಲ್ಲಿಗೇ ಹೋದರೂ ಆಪರೇಷನ್ ಆದದ್ದನ್ನು ಮೊದಲು ಹೇಳಿರಿ. “ಗ್ಲೂಕೋಸ್ ಏರಿಸೋ ಮುಂಚೆ ಬಿ-1 ಇಂಜೆಕ್ಷನ್ ಬೇಕೇನ್ರಿ ಡಾಕ್ಟರೇ?” ಎಂದು ಕೇಳಿರಿ. ಬರೀ ಗ್ಲೂಕೋಸ್ ಹೋದರೆ ಉಳಿದಿದ್ದ ಬಿ-1 ಸಹ ಖರ್ಚಾಗಿ ಮಿದುಳಿಗೆ ಪೆಟ್ಟಾದೀತು.

ತೂಕ ಇಳಿದಂತೆ ಬಿ.ಪಿ., ಸಕ್ಕರೆ ಮಾತ್ರೆಗಳ ಪ್ರಮಾಣವನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಿ. ಇಲ್ಲವಾದರೆ ಎದ್ದು ನಿಂತಾಗ ತಲೆ ಸುತ್ತೀತು. ತೊಗರಿಬೇಳೆ ಕಟ್ಟು, ಮೊಸರು, ಮೆತ್ತಗೆ ಬೆಂದ ಕಾಳನ್ನು ಅವರು ಹೇಳಿದ ಹದದಲ್ಲೇ ಕೊಡಿ. ಬರೆದುಕೊಟ್ಟ ಜೀವಸತ್ವದ ಮಾತ್ರೆ ಮಾತ್ರ ಜೀವನಪರ್ಯಂತ. ಸೀರೆ ಸಡಿಲಾಯಿತೆಂದು ನಿಲ್ಲಿಸಬೇಡಿರಿ.