ಸುಂಕ ಒಕ್ಕೂಟ: ಒಂದೇ ಗೋಡೆ, ಒಂದೇ ಬೊಕ್ಕಸ

ನೆರೆಹೊರೆಯ ದೇಶಗಳು ತಮ್ಮತಮ್ಮ ನಡುವಿನ ಆಮದು ಸುಂಕವನ್ನು ಕೈಬಿಟ್ಟು, ಹೊರಗಿನಿಂದ ಬರುವ ಸರಕಿನ ಮೇಲೆ ಮಾತ್ರ ಎಲ್ಲರೂ ಒಂದೇ ದರದಲ್ಲಿ ಸುಂಕ ವಿಧಿಸಲು ಒಪ್ಪಿಕೊಂಡಾಗ ರೂಪುಗೊಳ್ಳುವ ವ್ಯವಸ್ಥೆಗೆ ಸುಂಕ ಒಕ್ಕೂಟ ಅಥವಾ ಕಸ್ಟಮ್ಸ್ ಯೂನಿಯನ್ ಎಂದು ಹೆಸರು. ಈ ವ್ಯಾಖ್ಯೆಯಲ್ಲಿ ಎರಡು ಭಾಗಗಳಿವೆ: ಒಳಗೆ ಸುಂಕವಿಲ್ಲದ ಸಂಚಾರ, ಹೊರಗೆ ಎಲ್ಲರಿಗೂ ಸೇರಿದ ಒಂದೇ ಸುಂಕದ ಗೋಡೆ. ಆ ಗೋಡೆಯ ಬಾಗಿಲಲ್ಲಿ ಸಂಗ್ರಹವಾದ ಹಣ ಯಾರಿಗೆ ಸೇರಬೇಕು ಎಂಬ ಮೂರನೆಯ ಪ್ರಶ್ನೆ ವ್ಯಾಖ್ಯೆಯಲ್ಲಿ ಕಾಣಿಸುವುದಿಲ್ಲ. ಆದರೆ ಒಕ್ಕೂಟಗಳು ಉಳಿದದ್ದೂ ಮುರಿದದ್ದೂ ಹೆಚ್ಚಾಗಿ ಈ ಪ್ರಶ್ನೆಯ ಮೇಲೆಯೇ. ಜನಸಾಮಾನ್ಯರಲ್ಲಿಯೂ, ಹಲವೊಮ್ಮೆ ವಿದ್ಯಾವಂತರಲ್ಲಿಯೂ ನೆಲೆಯೂರಿರುವ ತಪ್ಪು ಕಲ್ಪನೆಗಳು ಬಹುಮಟ್ಟಿಗೆ ಮೊದಲ ಭಾಗವನ್ನಷ್ಟೇ ನೋಡಿ ಉಳಿದೆರಡನ್ನು ಮರೆತುದರ ಫಲ.

ಸುಂಕ ಒಕ್ಕೂಟವೆಂದರೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಇರುವ ಇನ್ನೊಂದು ಹೆಸರು ಎಂಬುದು ಇವುಗಳಲ್ಲಿ ಅತ್ಯಂತ ವ್ಯಾಪಕವಾದ ಕಲ್ಪನೆ. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಸದಸ್ಯ ದೇಶಗಳು ಪರಸ್ಪರ ಸುಂಕವನ್ನು ಇಳಿಸಿಕೊಳ್ಳುತ್ತವೆಯೇ ಹೊರತು ಹೊರಗಿನವರಿಗೆ ವಿಧಿಸುವ ದರವನ್ನು ಒಂದಾಗಿಸುವುದಿಲ್ಲ. 2006ರಲ್ಲಿ ಜಾರಿಗೆ ಬಂದ ದಕ್ಷಿಣ ಏಷ್ಯಾದ ಸಾಫ್ಟಾ ಒಪ್ಪಂದವಾಗಲಿ, ಆಗ್ನೇಯ ಏಷ್ಯಾದ ಆಸಿಯಾನ್ ವ್ಯವಸ್ಥೆಯಾಗಲಿ, ಅಮೆರಿಕ, ಮೆಕ್ಸಿಕೊ ಮತ್ತು ಕೆನಡಾಗಳ ನಡುವಿನ ಒಪ್ಪಂದವಾಗಲಿ ಈ ವರ್ಗಕ್ಕೆ ಸೇರಿದವು. ಇಂಥಲ್ಲಿ ಹೊರಗಿನ ಸರಕು ಕಡಿಮೆ ಸುಂಕದ ದೇಶದ ಮೂಲಕ ನುಸುಳಿ ಹೆಚ್ಚು ಸುಂಕದ ದೇಶವನ್ನು ಸೇರುವ ಸಾಧ್ಯತೆ ಇರುವುದರಿಂದ, ಪ್ರತಿಯೊಂದು ಸರಕೂ ಎಲ್ಲಿ ತಯಾರಾಯಿತು, ಅದರ ಮೌಲ್ಯದಲ್ಲಿ ಎಷ್ಟು ಪಾಲು ಸದಸ್ಯ ದೇಶದ್ದು ಎಂಬುದಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ; ಇದನ್ನು ನಿರ್ಧರಿಸುವ ನಿಯಮಗಳೇ ಮೂಲದೇಶ ನಿಯಮಗಳು. ಹೊರಗೋಡೆ ಎಲ್ಲೆಡೆ ಒಂದೇ ಎತ್ತರದಲ್ಲಿರುವ ಸುಂಕ ಒಕ್ಕೂಟದಲ್ಲಿ ಇಂಥ ನುಸುಳುವಿಕೆಯಿಂದ ಲಾಭವೇ ಇಲ್ಲವಾದ ಕಾರಣ, ಒಂದು ಬಂದರಿನಲ್ಲಿ ಸುಂಕ ತೆತ್ತ ಸರಕು ತತ್ತ್ವಶಃ ಇಡೀ ಒಕ್ಕೂಟದ ಸರಕಾಗುತ್ತದೆ. ಹಲವು ದೇಶಗಳ ಬಿಡಿಭಾಗಗಳನ್ನು ಜೋಡಿಸುವ ಉದ್ಯಮಗಳಿಗೆ ಕಾಗದಪತ್ರದ ಈ ಉಳಿತಾಯ ಸಣ್ಣದಲ್ಲ. ಪ್ರಾದೇಶಿಕ ಆರ್ಥಿಕ ಏಕೀಕರಣಕ್ಕೆ, ಅಂದರೆ ನೆರೆ ದೇಶಗಳ ಮಾರುಕಟ್ಟೆ ಮತ್ತು ಉತ್ಪಾದನೆಗಳು ಒಂದರೊಳಗೊಂದು ಹೆಣೆದುಕೊಳ್ಳುವ ಪ್ರಕ್ರಿಯೆಗೆ, ಸುಂಕ ಒಕ್ಕೂಟ ನೀಡುವ ಮೊದಲ ಬೆಂಬಲ ಇದೇ.

ಹಾಗಾದರೆ ಒಕ್ಕೂಟವಾದ ಮರುದಿನದಿಂದಲೇ ಗಡಿಯ ತಪಾಸಣೆ ಮಾಯವಾಗುತ್ತದೆ ಎಂಬ ನಿರೀಕ್ಷೆಯೂ ಸಹಜವೇ. ಆದರೆ ಅದು ನಿಜವಲ್ಲ. 1957ರ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ಯುರೋಪಿಯನ್ ದೇಶಗಳು ನಿಗದಿತ ಅವಧಿಗಿಂತ 18 ತಿಂಗಳು ಮುಂಚಿತವಾಗಿ, 1968ರ ಜುಲೈ 1ರಂದು ಸುಂಕ ಒಕ್ಕೂಟವನ್ನು ಪೂರ್ಣಗೊಳಿಸಿದರೂ, ಗಡಿಗಳಲ್ಲಿ ಲಾರಿಗಳನ್ನು ನಿಲ್ಲಿಸಿ ಸರಕಿನ ಕಾಗದ ನೋಡುವ ಪದ್ಧತಿ ನಿಂತದ್ದು 1993ರ ಜನವರಿ 1ರಂದು, ಒಂದೇ ಮಾರುಕಟ್ಟೆ ಜಾರಿಗೆ ಬಂದಾಗ. ನಡುವಿನ ಸುಮಾರು ಕಾಲು ಶತಮಾನ ಗಡಿಯನ್ನು ಉಳಿಸಿದ್ದು ಆಮದು ಸುಂಕವಲ್ಲ. ದೇಶದಿಂದ ದೇಶಕ್ಕೆ ಬೇರೆಯಾಗಿದ್ದ ಮಾರಾಟ ತೆರಿಗೆ, ಆಹಾರ ಸುರಕ್ಷತೆಯ ನಿಯಮ, ತಾಂತ್ರಿಕ ಮಾನದಂಡ ಮತ್ತು ಸಾಗಾಟದ ಪರವಾನಗಿಗಳು. ಕನ್ನಡದ ಓದುಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಭಾರತದ ರಾಜ್ಯಗಳ ನಡುವೆ ಆಮದು ಸುಂಕ ಇಲ್ಲದಿದ್ದರೂ, ಅತ್ತಿಬೆಲೆಯಂಥ ಗಡಿಗಳಲ್ಲಿ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೂ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದವು. ಟರ್ಕಿ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ 1995ರ ಕೊನೆಯ ದಿನದಿಂದ ಸುಂಕ ಒಕ್ಕೂಟವಿದ್ದರೂ ಬಲ್ಗೇರಿಯಾದ ಗಡಿಯಲ್ಲಿರುವ ಕಪಿಕುಲೆಯಲ್ಲಿ ಲಾರಿಗಳ ಸಾಲು ಕರಗಿಲ್ಲ. ಆ ಒಕ್ಕೂಟ ಮುಖ್ಯವಾಗಿ ಕೈಗಾರಿಕಾ ಸರಕಿಗೆ ಸೀಮಿತವಾಗಿದ್ದು, ಪ್ರಾಥಮಿಕ ಕೃಷಿ ಉತ್ಪನ್ನಗಳನ್ನು ಹೊರಗಿಟ್ಟಿದೆ.

ಮೂರನೆಯ ಕಲ್ಪನೆ ಇನ್ನೂ ಆಳವಾದುದು: ಸುಂಕ ಇಳಿದರೆ ವ್ಯಾಪಾರ ಬೆಳೆಯುತ್ತದೆ, ವ್ಯಾಪಾರ ಬೆಳೆದರೆ ಎಲ್ಲರಿಗೂ ಲಾಭ ಎಂಬುದು. 1950ರಲ್ಲಿ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ಸುಂಕ ಒಕ್ಕೂಟಗಳ ಕುರಿತ ತಮ್ಮ ಕೃತಿಯಲ್ಲಿ ಈ ನಂಬಿಕೆಯ ಬುಡವನ್ನೇ ಪರೀಕ್ಷಿಸಿ, ಒಕ್ಕೂಟದಿಂದ ಎರಡು ವಿರುದ್ಧ ಪರಿಣಾಮಗಳು ಉಂಟಾಗಬಹುದೆಂದು ತೋರಿಸಿದರು. ದೇಶದೊಳಗೆ ದುಬಾರಿಯಾಗಿ ತಯಾರಾಗುತ್ತಿದ್ದ ವಸ್ತುವಿನ ಬದಲು ನೆರೆಯ ಅಗ್ಗದ ವಸ್ತು ಬಂದರೆ ಅದು ವ್ಯಾಪಾರ ಸೃಷ್ಟಿ. ದೂರದ ದೇಶದ ಅಗ್ಗದ ವಸ್ತುವಿನ ಬದಲು, ಸುಂಕದ ರಿಯಾಯಿತಿಯ ಕಾರಣಕ್ಕಷ್ಟೇ, ನೆರೆಯ ದುಬಾರಿ ವಸ್ತು ಬಂದರೆ ಅದು ವ್ಯಾಪಾರ ಪಲ್ಲಟ. ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ದೂರದ ದೇಶದ ಒಂದು ವಸ್ತುವಿನ ಬೆಲೆ 100 ರೂಪಾಯಿ, ಅದರ ಮೇಲಿನ ಸುಂಕ 20 ರೂಪಾಯಿ, ನೆರೆ ದೇಶದ ಅಂಥದೇ ವಸ್ತುವಿನ ಬೆಲೆ 115 ರೂಪಾಯಿ ಎಂದಿಟ್ಟುಕೊಂಡರೆ, ಒಕ್ಕೂಟಕ್ಕೆ ಮೊದಲು ಇಬ್ಬರಿಗೂ ಒಂದೇ ಸುಂಕವಿದ್ದುದರಿಂದ ಕೊಳ್ಳುವವನು ದೂರದ ವಸ್ತುವನ್ನೇ 120 ರೂಪಾಯಿ ಕೊಟ್ಟು ಕೊಳ್ಳುತ್ತಾನೆ, ಅದರಲ್ಲಿ 20 ರೂಪಾಯಿ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಒಕ್ಕೂಟವಾದ ಮೇಲೆ ಆತ ನೆರೆಯ ವಸ್ತುವನ್ನು 115ಕ್ಕೆ ಕೊಂಡು 5 ರೂಪಾಯಿ ಉಳಿಸುತ್ತಾನೆ. ಬೊಕ್ಕಸವಾದರೋ 20 ರೂಪಾಯಿ ಕಳೆದುಕೊಳ್ಳುತ್ತದೆ. ಒಟ್ಟು ದೇಶಕ್ಕೆ 15 ರೂಪಾಯಿ ನಷ್ಟ, ಮತ್ತು ಆ ಹಣ ನೆರೆಯ ದೇಶದ ದುಬಾರಿ ಉತ್ಪಾದನೆಯನ್ನು ಪೋಷಿಸಲು ಸಂದಾಯವಾಗುತ್ತದೆ. ರಷ್ಯಾ, ಬೆಲಾರಸ್ ಮತ್ತು ಕಝಾಕಿಸ್ತಾನಗಳು 2010ರಲ್ಲಿ ಸುಂಕ ಒಕ್ಕೂಟ ರಚಿಸಿಕೊಂಡಾಗ ಸಮಾನ ಸುಂಕವನ್ನು ಬಹುಮಟ್ಟಿಗೆ ರಷ್ಯಾದ ದರಗಳ ಆಧಾರದ ಮೇಲೆಯೇ ನಿಗದಿಪಡಿಸಿದ್ದರಿಂದ, ಅಲ್ಲಿಯವರೆಗೆ ಕಡಿಮೆ ಸುಂಕವಿದ್ದ ಕಝಾಕಿಸ್ತಾನದಲ್ಲಿ ಹಲವು ಆಮದು ವಸ್ತುಗಳ ಮೇಲಿನ ಸುಂಕ ಏರಿತು. ಹೊರದೇಶದ ಹಳೆಯ ಕಾರುಗಳನ್ನು ಕೊಳ್ಳುತ್ತಿದ್ದವರಿಗೆ ಅದರ ಬಿಸಿ ನೇರವಾಗಿ ತಟ್ಟಿತು.

ಮೇಲಿನ ಕಾಲ್ಪನಿಕ ಲೆಕ್ಕದ ಆ 15 ರೂಪಾಯಿಯನ್ನು ಕಳೆದುಕೊಳ್ಳುವ ದೇಶ ಒಕ್ಕೂಟದಲ್ಲಿ ಏಕೆ ಉಳಿಯಬೇಕು ಎಂಬ ಪ್ರಶ್ನೆಗೆ ಇಂದಿಗೂ ಅಸ್ತಿತ್ವದಲ್ಲಿರುವ ಜಗತ್ತಿನ ಅತ್ಯಂತ ಹಳೆಯ ಸುಂಕ ಒಕ್ಕೂಟವಾದ ದಕ್ಷಿಣ ಆಫ್ರಿಕಾ ಸುಂಕ ಒಕ್ಕೂಟದ ಚರಿತ್ರೆ ಉತ್ತರ ನೀಡುತ್ತದೆ. ಸಾಕು ಎಂಬ ಸಂಕ್ಷಿಪ್ತ ನಾಮದಿಂದ ಕರೆಯಲಾಗುವ ಈ ಒಕ್ಕೂಟದಲ್ಲಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಲೆಸೊಥೊ, ಎಸ್ವಾಟಿನಿ ಮತ್ತು ನಮೀಬಿಯಾ ಸದಸ್ಯರು. ಇಂಥ ಕಡೆ ದೊಡ್ಡ ದೇಶ ಎಲ್ಲವನ್ನೂ ನುಂಗುತ್ತದೆ, ಸಣ್ಣ ದೇಶಗಳು ಬರಿಗೈಯಲ್ಲಿ ಉಳಿಯುತ್ತವೆ ಎಂಬುದು ಒಂದು ಕಲ್ಪನೆ. ಸಣ್ಣ ದೇಶಗಳು ದೊಡ್ಡದರ ದಾನದಲ್ಲಿ ಬದುಕುತ್ತಿವೆ ಎಂಬುದು ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಎರಡೂ ಅರ್ಧಸತ್ಯಗಳು. ಒಕ್ಕೂಟದ ಮೊದಲ ಒಪ್ಪಂದವಾದ 1910ರ ಒಪ್ಪಂದದ ಕಾಲದಲ್ಲಿ ಮೊದಲನೆಯ ಮಾತು ಸತ್ಯಕ್ಕೆ ಬಹಳ ಹತ್ತಿರವಾಗಿತ್ತು. ಆಗ ಬ್ರಿಟಿಷ್ ಆಡಳಿತದಲ್ಲಿದ್ದ ಬೆಚುವಾನಾಲ್ಯಾಂಡ್, ಬಸುಟೊಲ್ಯಾಂಡ್ ಮತ್ತು ಸ್ವಾಜಿಲ್ಯಾಂಡ್‌ಗಳಿಗೆ, ಅಂದರೆ ಇಂದಿನ ಬೋಟ್ಸ್ವಾನಾ, ಲೆಸೊಥೊ ಮತ್ತು ಎಸ್ವಾಟಿನಿಗಳಿಗೆ, ಒಟ್ಟು ಸುಂಕದಲ್ಲಿ ಸಿಗುತ್ತಿದ್ದ ಪಾಲು ಶೇ. 1.3ರಷ್ಟು ಮಾತ್ರ, ಉಳಿದ ಶೇ. 98.7 ದಕ್ಷಿಣ ಆಫ್ರಿಕಾದ್ದು. ಮೂರೂ ದೇಶಗಳು ಸ್ವತಂತ್ರವಾದ ಮೇಲೆ 1969ರಲ್ಲಿ ನಡೆದ ಮರುಸಂಧಾನದಲ್ಲಿ ಅವುಗಳ ಪಾಲನ್ನು ಲೆಕ್ಕಕ್ಕಿಂತ ಶೇ. 42ರಷ್ಟು ಹಿಗ್ಗಿಸುವ ಸೂತ್ರವನ್ನು ಅಳವಡಿಸಲಾಯಿತು. ಈ ಹೆಚ್ಚುವರಿ ಮೊತ್ತ ಮೂರು ಕಾರಣಗಳಿಗಾಗಿ ಸಲ್ಲುವ ಪರಿಹಾರವಾಗಿತ್ತು: ಸುಂಕದ ಗೋಡೆಯಿಂದಾಗಿ ಏರುವ ಬೆಲೆ, ಉದ್ಯಮಗಳೆಲ್ಲ ಜೊಹಾನ್ಸ್‌ಬರ್ಗಿನ ಸುತ್ತ ಕೇಂದ್ರೀಕೃತವಾಗುವ ಪ್ರವೃತ್ತಿ, ಮತ್ತು ಸ್ವಂತ ಸುಂಕ ನೀತಿಯ ಹಕ್ಕನ್ನು ಬಿಟ್ಟುಕೊಟ್ಟದ್ದು.

2002ರ ಅಕ್ಟೋಬರ್‌ನಲ್ಲಿ ಗ್ಯಾಬೊರೋನ್‌ನಲ್ಲಿ ಸಹಿಯಾಗಿ 2004ರಲ್ಲಿ ಜಾರಿಗೆ ಬಂದ ಮೂರನೆಯ ಒಪ್ಪಂದ ಈ ತರ್ಕವನ್ನು ಇನ್ನಷ್ಟು ನೇರಗೊಳಿಸಿತು. ಅದರಂತೆ ಆಮದು ಸುಂಕದ ಹಣವನ್ನು, ಯಾವ ದೇಶ ಒಕ್ಕೂಟದ ಇತರ ದೇಶಗಳಿಂದ ಎಷ್ಟು ಸರಕನ್ನು ಕೊಳ್ಳುತ್ತದೆ ಎಂಬ ಪ್ರಮಾಣದಲ್ಲಿ ಹಂಚಲಾಗುತ್ತದೆ. ಮದ್ಯ, ತಂಬಾಕು, ಇಂಧನ ಮೊದಲಾದವುಗಳ ಮೇಲಿನ ಅಬಕಾರಿ ಸುಂಕದಲ್ಲಿ ಶೇ. 85 ಭಾಗವನ್ನು ಒಟ್ಟು ದೇಶೀಯ ಉತ್ಪನ್ನದ ಅನುಪಾತದಲ್ಲಿಯೂ, ಉಳಿದ ಶೇ. 15 ಭಾಗವನ್ನು ತಲಾ ಆದಾಯ ಕಡಿಮೆಯಿರುವ ದೇಶಕ್ಕೆ ಹೆಚ್ಚು ಸಿಗುವಂತೆಯೂ ವಿಂಗಡಿಸಲಾಗುತ್ತದೆ. ಹೊರಗಿನ ಸರಕಿನ ಬಹುಪಾಲು ಬಂದಿಳಿಯುವುದು ದಕ್ಷಿಣ ಆಫ್ರಿಕಾದ ಬಂದರುಗಳಲ್ಲಿಯೇ ಆದರೂ, ಆ ದೇಶ ನೆರೆಯವರಿಂದ ಕೊಳ್ಳುವುದು ಅಲ್ಪವಾದ್ದರಿಂದ, ಆಮದು ಸುಂಕದ ಹೆಚ್ಚಿನ ಭಾಗ ಉಳಿದ ನಾಲ್ಕು ದೇಶಗಳ ಪಾಲಾಗುತ್ತದೆ. ಇದನ್ನು ದಾನವೆನ್ನುವುದು ಸರಿಯಲ್ಲ. ಹೊರಗಿನ ಸಿದ್ಧ ಉಡುಪಿಗೆ ಶೇ. 45ರಷ್ಟು ಸುಂಕದ ಗೋಡೆ ಎದ್ದಿರುವಾಗ, ಆ ಗೋಡೆಯ ಮರೆಯಲ್ಲಿ ದಕ್ಷಿಣ ಆಫ್ರಿಕಾದ ಗಿರಣಿಗಳು ಪಡೆಯುವ ಬೆಲೆಯನ್ನು ಲೆಸೊಥೊದ ಗ್ರಾಹಕರೂ ತೆರುತ್ತಾರೆ. ಹಂಚಿಕೆಯ ಸೂತ್ರ ಆ ಹೊರೆಯನ್ನು ಹಿಂದಿರುಗಿಸುವ ದಾರಿ. ಆದರೆ ಈ ದಾರಿಗೂ ತನ್ನದೇ ಅಪಾಯವಿದೆ. ಲೆಸೊಥೊ ಮತ್ತು ಎಸ್ವಾಟಿನಿಗಳ ಸರ್ಕಾರಿ ಆದಾಯದಲ್ಲಿ ಹಲವು ವರ್ಷ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಈ ಮೂಲದಿಂದಲೇ ಬಂದಿರುವುದರಿಂದ, 2008ರ ಜಾಗತಿಕ ಹಿಂಜರಿತದಲ್ಲಿ ದಕ್ಷಿಣ ಆಫ್ರಿಕಾದ ಆಮದು ಕುಸಿದಾಗ ಅದರ ಪೆಟ್ಟು ಒಂದೆರಡು ವರ್ಷಗಳ ಬಳಿಕ ಈ ಪುಟ್ಟ ದೇಶಗಳ ಬೊಕ್ಕಸವನ್ನು ಬಡಿಯಿತು, ಮತ್ತು 2011ರ ವೇಳೆಗೆ ಆಗಿನ ಸ್ವಾಜಿಲ್ಯಾಂಡ್ ತೀವ್ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಸಿಲುಕಿತು.

ಹಂಚಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಪೂರ್ವ ಆಫ್ರಿಕಾ ಸಾಕ್ಷಿ. ಕೆನ್ಯಾ, ಉಗಾಂಡಾ ಮತ್ತು ಟಾಂಜಾನಿಯಾಗಳು 1967ರಲ್ಲಿ ಕಟ್ಟಿದ ಸಮುದಾಯ ಹತ್ತೇ ವರ್ಷದಲ್ಲಿ, 1977ರಲ್ಲಿ, ಕುಸಿದುಬಿದ್ದುದಕ್ಕೆ ನಾಯಕರ ವೈಷಮ್ಯವಷ್ಟೇ ಅಲ್ಲದೆ, ಉದ್ಯಮಗಳ ಲಾಭ ಕೆನ್ಯಾದ ಕಡೆಗೇ ಹರಿಯುತ್ತಿದೆ ಎಂಬ ಅಸಮಾಧಾನವೂ ಕಾರಣವಾಗಿತ್ತು. 2005ರಲ್ಲಿ ಇದೇ ಮೂರು ದೇಶಗಳು ಮತ್ತೆ ಸುಂಕ ಒಕ್ಕೂಟವನ್ನು ಆರಂಭಿಸಿದಾಗ ಆ ಪಾಠ ಮರೆತಿರಲಿಲ್ಲ: ಉಗಾಂಡಾ ಮತ್ತು ಟಾಂಜಾನಿಯಾಗಳ ಸರಕು ಕೆನ್ಯಾಕ್ಕೆ ಕೂಡಲೇ ಸುಂಕವಿಲ್ಲದೆ ಪ್ರವೇಶಿಸಿದರೆ, ಕೆನ್ಯಾದ ಕೆಲವು ಸರಕಿನ ಮೇಲಿನ ಸುಂಕವನ್ನು ಆ ಎರಡು ದೇಶಗಳು ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಸುವಂತೆ ಏರ್ಪಾಡಾಯಿತು. ಮುಂದೆ, ಮೊಂಬಾಸಾ ಬಂದರಿನಲ್ಲಿ ಸರಕು ಇರುವಾಗಲೇ ಉಗಾಂಡಾದ ಅಧಿಕಾರಿಗಳು ಸುಂಕ ನಿರ್ಧರಿಸಿ ವಸೂಲು ಮಾಡುವ ಪದ್ಧತಿಯೂ ಬಂದು, ಒಳನಾಡಿನ ದೇಶವೊಂದಕ್ಕೆ ಸಮುದ್ರ ಕೊಂಚ ಹತ್ತಿರವಾಯಿತು.

ಸಮಾನ ಸುಂಕವೆಂದ ಮೇಲೆ ಅದನ್ನು ಎಲ್ಲರೂ ಸಮಾನವಾಗಿ ಕುಳಿತು ನಿರ್ಧರಿಸುತ್ತಾರೆ ಎಂಬ ನಂಬಿಕೆಗೂ ಆಧಾರ ಕಡಿಮೆ. ಸಾಕು ಒಕ್ಕೂಟದಲ್ಲಿ ದಶಕಗಳ ಕಾಲ ಸುಂಕದ ದರವನ್ನು ದಕ್ಷಿಣ ಆಫ್ರಿಕಾ ಒಂದೇ ನಿರ್ಧರಿಸುತ್ತಿದ್ದು, ಉಳಿದವರ ಅಹವಾಲು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಆಗುತ್ತಿತ್ತು. 1999ರಲ್ಲಿ ದಕ್ಷಿಣ ಆಫ್ರಿಕಾ ಯುರೋಪಿನೊಂದಿಗೆ ವ್ಯಾಪಾರ ಒಪ್ಪಂದ ಮಾಡಿಕೊಂಡಾಗ, ಅದರಲ್ಲಿ ಪಾಲುದಾರರೇ ಅಲ್ಲದ ನೆರೆಯ ನಾಲ್ಕು ದೇಶಗಳ ಮಾರುಕಟ್ಟೆಯೂ ವಸ್ತುತಃ ಯುರೋಪಿಗೆ ತೆರೆದುಕೊಂಡಿತು, ಏಕೆಂದರೆ ಗೋಡೆ ಒಂದೇ. ಮಂತ್ರಿಗಳ ಮಂಡಳಿ, ವಿಂಡ್‌ಹುಕ್‌ನಲ್ಲಿ ಸಚಿವಾಲಯ, ಸಹಮತದ ತೀರ್ಮಾನ, ಹೊರಗಿನವರೊಂದಿಗಿನ ಹೊಸ ಒಪ್ಪಂದಕ್ಕೆ ಎಲ್ಲರ ಒಪ್ಪಿಗೆ ಎಂಬ ನಿಯಮಗಳನ್ನು 2002ರ ಒಪ್ಪಂದ ತಂದಿತಾದರೂ, ದರಗಳ ದೈನಂದಿನ ಪರಿಶೀಲನೆ ಪ್ರಿಟೋರಿಯಾದಲ್ಲಿರುವ ದಕ್ಷಿಣ ಆಫ್ರಿಕಾದ ವ್ಯಾಪಾರ ಆಯೋಗದಲ್ಲಿಯೇ ಉಳಿಯಿತು. ಟರ್ಕಿಯ ಸ್ಥಿತಿಯೂ ಇದನ್ನೇ ಹೋಲುತ್ತದೆ: ಯುರೋಪ್ ಮೂರನೆಯ ದೇಶವೊಂದಕ್ಕೆ ಸುಂಕ ಇಳಿಸಿದರೆ ಆ ದೇಶದ ಸರಕು ಯುರೋಪಿನ ಮೂಲಕ ಟರ್ಕಿಗೂ ಬರಬಹುದು, ಆದರೆ ಆ ದೇಶ ಟರ್ಕಿಯ ಸರಕಿಗೆ ಬಾಗಿಲು ತೆರೆಯಬೇಕಾದ ಕಟ್ಟುಪಾಡಿಲ್ಲ.

ಸುಂಕದಲ್ಲಿ ಒಂದಾದವರು ರಾಜಕೀಯವಾಗಿಯೂ ಒಂದಾಗಿಯೇ ತೀರುತ್ತಾರೆ ಎಂಬ ಮಾತಿಗೆ 1834ರಲ್ಲಿ ಪ್ರಷ್ಯಾದ ನೇತೃತ್ವದಲ್ಲಿ ಹುಟ್ಟಿದ ಜರ್ಮನ್ ಸುಂಕ ಒಕ್ಕೂಟ ಝೋಲ್‌ಫೆರೈನ್ ಅನ್ನು ನಿದರ್ಶನವಾಗಿ ಕೊಡುವುದು ವಾಡಿಕೆ. ಆದರೆ 1866ರ ಯುದ್ಧದಲ್ಲಿ ಆ ಒಕ್ಕೂಟದ ಸದಸ್ಯರಾಗಿದ್ದ ಬವೇರಿಯಾ, ಸ್ಯಾಕ್ಸನಿ, ಹ್ಯಾನೋವರ್ ಮತ್ತು ವುರ್ಟೆಂಬರ್ಗ್‌ಗಳು ಪ್ರಷ್ಯಾದ ವಿರುದ್ಧವೇ ಆಸ್ಟ್ರಿಯಾದ ಪಕ್ಷ ವಹಿಸಿ ಹೋರಾಡಿದವು. ಲಕ್ಸೆಂಬರ್ಗ್ ಮೊದಲನೆಯ ಮಹಾಯುದ್ಧ ಮುಗಿಯುವವರೆಗೂ ಜರ್ಮನಿಯ ಸುಂಕ ವ್ಯವಸ್ಥೆಯಲ್ಲಿದ್ದೂ ಜರ್ಮನಿಯಲ್ಲಿ ಲೀನವಾಗಲಿಲ್ಲ. ಲಿಖ್ಟೆನ್‌ಸ್ಟೈನ್ 1923ರ ಒಪ್ಪಂದದಂತೆ ಸ್ವಿಟ್ಜರ್ಲೆಂಡಿನ ಸುಂಕ ಪ್ರದೇಶಕ್ಕೆ ಸೇರಿಯೂ ಇಂದಿಗೂ ಪ್ರತ್ಯೇಕ ರಾಷ್ಟ್ರ. ನಾಣ್ಯದ ವಿಷಯದಲ್ಲಿಯೂ ಹೀಗೆಯೇ: ಸಾಕು ಒಕ್ಕೂಟದ ಲೆಸೊಥೊ, ಎಸ್ವಾಟಿನಿ ಮತ್ತು ನಮೀಬಿಯಾಗಳು ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಬೆಸೆದುಕೊಂಡ ಹಣಕಾಸು ವಲಯದಲ್ಲಿದ್ದರೆ, ಬೋಟ್ಸ್ವಾನಾ 1976ರಿಂದ ತನ್ನದೇ ಪುಲಾ ನಾಣ್ಯವನ್ನು ಚಲಾವಣೆಯಲ್ಲಿ ಇಟ್ಟುಕೊಂಡಿದೆ.

ಒಕ್ಕೂಟ ಸೇರಿದ ಸಣ್ಣ ದೇಶ ತನ್ನ ಎಳೆಯ ಉದ್ಯಮವನ್ನು ಕಾಪಾಡುವ ಹಕ್ಕನ್ನೆಲ್ಲ ಕಳೆದುಕೊಳ್ಳುತ್ತದೆ ಎಂಬುದು ಕೊನೆಯದಾಗಿ ಪರಿಶೀಲಿಸಬೇಕಾದ ಕಲ್ಪನೆ. ಸಾಕು ಒಪ್ಪಂದದಲ್ಲಿಯೇ ಸಣ್ಣ ಸದಸ್ಯರು ಹೊಸ ಉದ್ಯಮಗಳ ರಕ್ಷಣೆಗಾಗಿ ಎಂಟು ವರ್ಷಗಳವರೆಗೆ ತಾತ್ಕಾಲಿಕ ಸುಂಕ ಹೇರಲು ಅವಕಾಶವಿದೆ. ನಮೀಬಿಯಾ ಬಹುದಿನ ಕೆಡದ ಹಾಲು ಮತ್ತು ಪಾಸ್ತಾ ತಯಾರಿಕೆಗೆ ಇದನ್ನು ಬಳಸಿಕೊಂಡಿತು. ಬೋಟ್ಸ್ವಾನಾ ಇನ್ನೂ ಮುಂದೆ ಹೋಗಿ, 2022ರ ಜನವರಿಯಿಂದ ಟೊಮೇಟೊ, ಈರುಳ್ಳಿ, ಕ್ಯಾರೆಟ್, ಕೋಸು ಮೊದಲಾದ ತರಕಾರಿಗಳ ಆಮದನ್ನೇ ತಡೆದಾಗ, ದಶಕಗಳಿಂದ ಆ ಮಾರುಕಟ್ಟೆಯನ್ನು ನಂಬಿದ್ದ ದಕ್ಷಿಣ ಆಫ್ರಿಕಾದ ರೈತರು ಇದು ಒಕ್ಕೂಟದ ಧರ್ಮಕ್ಕೆ ವಿರುದ್ಧವೆಂದು ಆಕ್ಷೇಪಿಸಿದರು. ತನ್ನ ನೆಲದಲ್ಲಿ ಬೆಳೆಯಬಹುದಾದುದನ್ನು ಬೆಳೆಯುವ ರೈತನಿಗೆ ಮೊದಲು ಮಾರುಕಟ್ಟೆ ಬೇಕು ಎಂಬುದು ಬೋಟ್ಸ್ವಾನಾದ ವಾದವಾಗಿತ್ತು. ಸುಂಕದ ಗೋಡೆ ಒಂದೇ ಆಗಿದ್ದರೂ ಅದರೊಳಗಿನ ಹೊಲಗಳು ಒಂದೇ ಅಲ್ಲವಾದ್ದರಿಂದ, ಈ ಎರಡು ವಾದಗಳ ನಡುವಿನ ಮಾತುಕತೆ ಆ ಒಕ್ಕೂಟದಲ್ಲಿ ತರಕಾರಿಯಿಂದ ತರಕಾರಿಗೆ, ಋತುವಿನಿಂದ ಋತುವಿಗೆ ಮುಂದುವರಿಯುತ್ತ ಬಂದಿದೆ.