ಒಂದೇ ಖೋಲಿ, ಒಂದೇ ಗಾಳಿ. ಒಬ್ಬರಿಗೇ ಯಾಕೆ ಕಾಯಿಲೆ?

"ನಾವೆಲ್ಲಾ ಒಂದ ಖೋಲ್ಯಾಗ ಮಲಗತೀವಿ, ಒಂದ ಒಲಿ ಮ್ಯಾಲಿನ ಊಟ ಉಣ್ತೀವಿ. ಇವಂಗಷ್ಟ ಯಾಕ ಬಂತ್ರಿ?"

ಗೋವಾದ ವಾಸ್ಕೊ ಸುತ್ತಮುತ್ತಲ ಬೈನಾ, ಸಡಾ, ಮಾಂಗೋರ್ ಹಿಲ್, ಝುವಾರಿನಗರಗಳಲ್ಲಿ ಯಾರಿಗಾದರೂ ಕ್ಷಯವೋ ನ್ಯುಮೋನಿಯಾವೋ ಆದರೆ ಮನೆಯವರ ಬಾಯಲ್ಲಿ ಬರುವ ಪ್ರಶ್ನೆ ಇದು. 1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಬಂದರು, ಗಣಿ, ರಸ್ತೆ, ಕಟ್ಟಡ ಅಂತ ಕೆಲಸ ಹುಟ್ಟಿದಲ್ಲೆಲ್ಲ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯವರು ಹೋಗಿ ನೆಲೆನಿಂತರು. ಅವರ ಮೂರನೆಯ ತಲೆಮಾರು ಈಗ ಅಲ್ಲಿ ಶಾಲೆ ಕಲಿಯುತ್ತಿದೆ. ಅವರು ಕೇಳುವ ಈ ಪ್ರಶ್ನೆಯನ್ನು ಹಣೆಬರಹದ ಮಾತೆಂದು ತಳ್ಳಿಹಾಕುವಂತಿಲ್ಲ. ವೈದ್ಯವಿಜ್ಞಾನ ನೂರು ವರ್ಷಗಳಿಂದ ಬೆನ್ನು ಹತ್ತಿರುವ ಪ್ರಶ್ನೆಯೇ ಇದು, ಮತ್ತು ಉತ್ತರದ ದೊಡ್ಡ ಪಾಲು ಈಗ ನಮ್ಮ ಕೈಯಲ್ಲಿದೆ.

ಮೊದಲು ತಿಳಿಯಬೇಕಾದದ್ದು, ರೋಗಾಣು ಒಳಗೆ ಹೋಗುವುದು ಬೇರೆ, ಕಾಯಿಲೆ ಬೀಳುವುದು ಬೇರೆ. ಜಗತ್ತಿನ ಜನಸಂಖ್ಯೆಯ ಸುಮಾರು ಕಾಲು ಭಾಗದ ಮೈಯಲ್ಲಿ ಕ್ಷಯದ ರೋಗಾಣು ಹೊಕ್ಕಿದೆ ಎಂಬ ಅಂದಾಜಿದೆ. ಆದರೆ ಹಾಗೆ ಸೋಂಕು ತಗುಲಿದ ನೂರು ಮಂದಿಯಲ್ಲಿ ಜೀವಮಾನದಲ್ಲಿ ಕ್ಷಯರೋಗಿಗಳಾಗುವವರು ಐದರಿಂದ ಹತ್ತು ಜನ ಮಾತ್ರ. ಇದಕ್ಕೆ ಚರಿತ್ರೆಯಲ್ಲಿ ಒಂದು ದಾರುಣ ಸಾಕ್ಷಿ ಇದೆ. 1929ರ ಕೊನೆಯಿಂದ 1930ರ ವಸಂತದವರೆಗೆ ಜರ್ಮನಿಯ ಲ್ಯೂಬೆಕ್ ನಗರದಲ್ಲಿ ನವಜಾತ ಶಿಶುಗಳಿಗೆ ಬಾಯಿಯ ಮೂಲಕ ಕ್ಷಯ ತಡೆಯುವ ಬಿಸಿಜಿ ಲಸಿಕೆ ಕೊಟ್ಟರು. ಪ್ರಯೋಗಾಲಯದ ತಪ್ಪಿನಿಂದ ಅದರಲ್ಲಿ ಜೀವಂತ ಕ್ಷಯಾಣು ಬೆರೆತಿತ್ತು. ಇನ್ನೂರೈವತ್ತರಷ್ಟು ಶಿಶುಗಳು ಅದನ್ನು ನುಂಗಿದವು, ಎಪ್ಪತ್ತಕ್ಕೂ ಹೆಚ್ಚು ಶಿಶುಗಳು ಸತ್ತವು. ಉಳಿದವುಗಳಲ್ಲಿ ಹೆಚ್ಚಿನವು ಕಾಯಿಲೆ ಬಿದ್ದು ತಾವಾಗಿಯೇ ಚೇತರಿಸಿಕೊಂಡವು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಯಾರ ಪಾಲಿಗೆ ಎಷ್ಟು ರೋಗಾಣು ಹೋಯಿತು ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂತು, ಯಾವ ಮೈ ಅದನ್ನು ಎಷ್ಟು ತಡೆಯಿತು ಎಂಬುದೂ ಬಂತು.

ಆ ತಡೆ ಹೇಗೆ ನಡೆಯುತ್ತದೆ? ನಾವು ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರ ಜೊತೆ ಬರುವ ದೂಳು, ರೋಗಾಣುಗಳನ್ನು ಶ್ವಾಸನಾಳದ ಒಳಗೋಡೆಯ ಲೋಳೆ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಗೆ ಬಾಗುವ ಭತ್ತದ ಪೈರಿನಂತೆ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಒಂದೇ ಸಮನೆ ಬಾಗುತ್ತ ಏಳುತ್ತ ಆ ಲೋಳೆಯನ್ನು ಗಂಟಲಿನತ್ತ ನೂಕುತ್ತವೆ. ಅಲ್ಲಿಂದ ಕೆಮ್ಮಿ ಉಗಿಯುತ್ತೇವೆ, ಇಲ್ಲವೇ ನಮಗೇ ತಿಳಿಯದೆ ನುಂಗುತ್ತೇವೆ. ಇದನ್ನೂ ದಾಟಿ ಗಾಳಿಗೂಡುಗಳ ತನಕ ಹೋದ ರೋಗಾಣುವನ್ನು ಅಲ್ಲೇ ಬೀಡುಬಿಟ್ಟಿರುವ ಭಕ್ಷಕ ಕೋಶಗಳು ನುಂಗಿ ಜೀರ್ಣಿಸುತ್ತವೆ. ಅವಕ್ಕೆ ಮೀರಿದ್ದಾದರೆ ರಕ್ತದಿಂದ ಬಿಳಿಕಣಗಳು ಧಾವಿಸಿ ಬರುತ್ತವೆ. ಬೀಡಿ ಸಿಗರೇಟಿನ ಹೊಗೆ ರೋಮಗಳನ್ನು ಸ್ತಬ್ಧಗೊಳಿಸುತ್ತದೆ. ಕಂಠಪೂರ್ತಿ ಕುಡಿದು ಮಲಗಿದವನಲ್ಲಿ ಕೆಮ್ಮುವ ಪ್ರತಿಕ್ರಿಯೆಯೇ ಮಂಕಾಗಿ, ಬಾಯಲ್ಲಿದ್ದ ಎಂಜಲು, ವಾಂತಿ, ಅದರೊಳಗಿನ ರೋಗಾಣು ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. ಅಗ್ಗಕ್ಕೆ ಸೆರೆ ಸಿಗುವ ಗೋವಾದಲ್ಲಿ ಇದು ಸಣ್ಣ ಮಾತಲ್ಲ. ಮುಪ್ಪಿನಲ್ಲಿ ಕೆಮ್ಮಿನ ಬಲವೂ ಬಿಳಿಕಣಗಳ ಚುರುಕೂ ಕುಗ್ಗುತ್ತವೆ. ತೂಕ ಕಡಿಮೆ ಇರುವ, ಎದೆಹಾಲು ಸಾಲದ, ಒಲೆಯ ಹೊಗೆಯಲ್ಲೇ ಬೆಳೆಯುವ ಕೂಸುಗಳಲ್ಲಿ ಈ ವ್ಯವಸ್ಥೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಜೀನುಗಳ ಪಾತ್ರವೂ ಇದೆ, ಆದರೆ ಬಹುಪಾಲು ಮನೆಗಳಲ್ಲಿ ಹುಡುಕಬೇಕಾದ ಕಾರಣ ಅದಲ್ಲ.

ಗೋವಾದಲ್ಲಿ ಮೊದಲು ಹುಡುಕಬೇಕಾದ ಕಾರಣ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ದೇಶದಲ್ಲಿ ಶೇ 11.4 ಇದ್ದರೆ ಗೋವಾದಲ್ಲಿ ಶೇ 26.4. ಇಡೀ ಭಾರತದಲ್ಲೇ ಅತಿ ಹೆಚ್ಚು. ನಾಲ್ವರಲ್ಲಿ ಒಬ್ಬರಿಗೆ ಎಂದರೂ ಕಡಿಮೆ ಹೇಳಿದಂತೆ. ಶುಗರ್ ಅಂದ ಕೂಡಲೇ ನಮಗೆ ನೆನಪಾಗುವುದು ಕಣ್ಣು, ಕಿಡ್ನಿ, ಕಾಲಿನ ಮಾಯದ ಗಾಯ. ಶ್ವಾಸಕೋಶ ನೆನಪಿಗೆ ಬರುವುದಿಲ್ಲ. ಆದರೆ ರಕ್ತದಲ್ಲಿ ಸಕ್ಕರೆ ಏರಿ ನಿಂತಾಗ ಬಿಳಿಕಣಗಳು ಸೋಂಕಿನ ಜಾಗಕ್ಕೆ ಬರುವುದೂ ನಿಧಾನ, ಬಂದ ಮೇಲೆ ರೋಗಾಣುವನ್ನು ಕೊಲ್ಲುವುದೂ ನಿಧಾನ. ಮಧುಮೇಹ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ತಮಗೆ ಶುಗರ್ ಇದೆ ಎಂದು ಗೊತ್ತೇ ಇಲ್ಲದವರ ಪಾಡಂತೂ ಇನ್ನೂ ಕಷ್ಟ. ಮೇಸ್ತ್ರಿ ಕೆಲಸ ಮಾಡುವವನು, ಬೀಚಿನಲ್ಲಿ ಮಣಿಸರ ಮಾರುವವಳು ಮೈ ಚೆನ್ನಾಗಿ ದುಡಿಯುವಾಗ ರಕ್ತ ಪರೀಕ್ಷೆಗೆ ಒಂದು ದಿನದ ಕೂಲಿ ಬಿಡುತ್ತಾರೆಯೇ?

ಮಳೆಗಾಲದಲ್ಲಿ ಈ ಸಕ್ಕರೆಗೆ ಮಣ್ಣಿನ ಒಂದು ರೋಗಾಣು ಜೊತೆಯಾಗುತ್ತದೆ. ಅದರ ಕಾಯಿಲೆಯ ಹೆಸರು ಮೆಲಿಯಾಯ್ಡೋಸಿಸ್. ಹೆಸರು ಕೇಳಿದವರು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. 1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಸತ್ತವರ ಶವಪರೀಕ್ಷೆ ಮಾಡುತ್ತಿದ್ದ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದರು. ಸತ್ತವರಲ್ಲಿ ಹೆಚ್ಚಿನವರು ಮಾರ್ಫಿನ್ ಚುಚ್ಚಿಕೊಳ್ಳುವ ಚಟದ, ಗತಿಯಿಲ್ಲದ ಜನ. ರೋಗಾಣುವಿನ ವಾಸ ಗದ್ದೆಯ ಹಸಿ ಮಣ್ಣು, ನಿಂತ ನೀರು. ಮಳೆ ಹಿಡಿದಾಗ ಅದು ಮೇಲೆ ಬರುತ್ತದೆ. ಕಾಲಿನ ಬಿರುಕಿನಿಂದಲೋ ಗಾಯದಿಂದಲೋ ಒಳಹೋಗುತ್ತದೆ, ಬಿರುಗಾಳಿ ಮಳೆಯಲ್ಲಿ ಉಸಿರಿನ ಜೊತೆಗೂ ಹೋಗುತ್ತದೆ. ಗೋವಾದಿಂದ ಕೇರಳದವರೆಗಿನ ಪಶ್ಚಿಮ ಕರಾವಳಿಯಲ್ಲಿ ರೋಗಿಗಳು ಪತ್ತೆಯಾಗಿದ್ದಾರೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಉಡುಪಿ ಸುತ್ತಲ ರೋಗಿಗಳಲ್ಲಿ ಇದನ್ನು ವರ್ಷವರ್ಷವೂ ಪತ್ತೆಹಚ್ಚುತ್ತ ಬಂದಿದ್ದಾರೆ. ಗಟ್ಟಿಮುಟ್ಟಾದ ಆಳಿಗೆ ಈ ರೋಗಾಣು ತಗುಲಿದರೂ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹಿಗಳು. ಉಳಿದವರಲ್ಲಿ ವಿಪರೀತ ಕುಡಿತ, ಕಿಡ್ನಿ ಕಾಯಿಲೆ ಇರುವವರು ಹೆಚ್ಚು.

ಇದರ ಅಪಾಯ ಇರುವುದು ವೇಷದಲ್ಲಿ. ವಾರಗಟ್ಟಲೆ ಜ್ವರ, ಕೆಮ್ಮು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ, ಎಲ್ಲವೂ ಕ್ಷಯದ ಹಾಗೆಯೇ. ಹಾಗಾಗಿ ಟಿಬಿ ಮಾತ್ರೆ ಕೊಡುತ್ತಾರೆ, ರೋಗಿ ಸೊರಗುತ್ತ ಹೋಗುತ್ತಾನೆ. ರಕ್ತ ಅಥವಾ ಕಫವನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಿದರೆ ಮಾತ್ರ ಗುಟ್ಟು ಹೊರಬರುತ್ತದೆ. ಪಳಗಿದ ಕಣ್ಣಿಲ್ಲದ ಪ್ರಯೋಗಾಲಯ ಅಲ್ಲೂ ಅದನ್ನು ಬೇರೆ ರೋಗಾಣುವೆಂದು ಬರೆದುಬಿಡಬಹುದು. ಸರಿಯಾದ ಇಂಜೆಕ್ಷನ್ ಕನಿಷ್ಠ ಹತ್ತು ಹದಿನಾಲ್ಕು ದಿನ, ಆಮೇಲೆ ಮೂರು ತಿಂಗಳು ಮಾತ್ರೆ, ಇದಿಷ್ಟು ಆದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ತಡವಾದರೆ ಉಳಿಸುವುದು ಕಷ್ಟ.

ಎರಡನೆಯ ಕಾರಣ ಸಕ್ಕರೆಗೆ ತದ್ವಿರುದ್ಧ: ಹೊಟ್ಟೆಗಿಲ್ಲದಿರುವುದು. ತಲಾ ಆದಾಯದಲ್ಲಿ ಗೋವಾ ದೇಶದ ಮುಂಚೂಣಿಯ ರಾಜ್ಯ. ಆದರೆ ಊರಿಗೆ ಹಣ ಕಳಿಸಿ, ಖೋಲಿಯ ಬಾಡಿಗೆ ಕಟ್ಟಿ, ಉಳಿದದ್ದರಲ್ಲಿ ಅನ್ನ ಸಾರು ಉಣ್ಣುವ ಕೂಲಿಯವರ ತಾಟಿನಲ್ಲಿ ಆ ಆದಾಯ ಕಾಣುವುದಿಲ್ಲ. ಭಾರತದಲ್ಲಿ ಕ್ಷಯಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಅಪೌಷ್ಟಿಕತೆಯದೇ ದೊಡ್ಡ ಪಾಲು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದನ್ನು ಜಾರ್ಖಂಡ್‌ನಲ್ಲಿ ಪರೀಕ್ಷೆಗೆ ಒಡ್ಡಿದರು. 2,800 ಕ್ಷಯರೋಗಿಗಳು, ಅವರ ಮನೆಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಿಗೆಲ್ಲ ಆಹಾರದ ಕಿಟ್ ಸಿಕ್ಕಿತು. ಅರ್ಧದಷ್ಟು ಕಡೆ ಮನೆಮಂದಿಗೂ ತಿಂಗಳಿಗೆ ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಫಲಿತಾಂಶ 2023ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆ. ಕಫದಿಂದ ಹರಡುವ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆ. ಅಂಥದೇ ಮನೆ, ಅಂಥದೇ ರೋಗಿ, ಅಂಥದೇ ಗಾಳಿ. ಬದಲಾದದ್ದು ಮುಖ್ಯವಾಗಿ ಅಕ್ಕಿ ಮತ್ತು ಬೇಳೆ. ಲೇಖನದ ಮೊದಲಲ್ಲಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಬೇರೆಲ್ಲೂ ಕಂಡಿಲ್ಲ. ಕೇಂದ್ರ ಸರ್ಕಾರ 2018ರಿಂದ ಕ್ಷಯರೋಗಿಗಳ ಖಾತೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರ್‌ನಿಂದ ಅದು ಸಾವಿರ ಆಗಿದೆ. ಬ್ಯಾಂಕ್ ಖಾತೆ ಊರಿನಲ್ಲಿ, ಆಧಾರ್ ವಿಳಾಸ ಇನ್ನೊಂದು ಕಡೆ, ಕೆಲಸ ಮಗದೊಂದು ಕಡೆ ಇರುವವರಿಗೆ ಈ ಹಣ ತಪ್ಪದೆ ಮುಟ್ಟುವಂತೆ ನೋಡಿಕೊಳ್ಳುವುದು ಗೋವಾ, ಕರ್ನಾಟಕ ಎರಡೂ ರಾಜ್ಯಗಳ ಹೊಣೆ.

ಇನ್ನು ದೂಳು. ಮುರ್ಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ರೈಲಿನಲ್ಲಿ ಕ್ಯಾಸಲ್ ರಾಕ್ ಘಟ್ಟ ಹತ್ತಿ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳಿಗೆ ಬರುತ್ತದೆ. ಮನೆಯ ನೆಲ, ಕಿಟಕಿ, ಒಣಹಾಕಿದ ಬಟ್ಟೆಯ ಮೇಲೆ ಕರಿ ಪುಡಿ ಕೂರುತ್ತದೆಂದು ವಾಸ್ಕೊದ ಜನ ವರ್ಷಗಳಿಂದ ದೂರುತ್ತಲೇ ಇದ್ದಾರೆ. ಡಿಚೋಲಿ, ಸಾಂಗೆ ಕಡೆ ಅದಿರಿನ ಲಾರಿಗಳ ಕೆಂದೂಳನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆಯುವ ತನಕ ಊರೂರೇ ಉಂಡಿತು. ಕಣ್ಣಿಗೆ ಕಾಣುವ ಈ ದೂಳಿಗಿಂತ ಕಾಣದ ಸೂಕ್ಷ್ಮ ಕಣ ಹೆಚ್ಚು ಆಳಕ್ಕೆ ಇಳಿಯುತ್ತದೆ. ಅದನ್ನು ನುಂಗಿ ನುಂಗಿ ದಣಿದ ಭಕ್ಷಕ ಕೋಶಕ್ಕೆ ರೋಗಾಣುವನ್ನು ನುಂಗುವ ತ್ರಾಣ ಉಳಿಯುವುದಿಲ್ಲ. ಕಲ್ಲಿನ ಸಿಲಿಕಾ ದೂಳು ಇನ್ನೂ ಕ್ರೂರಿ, ಅದು ಆ ಕೋಶವನ್ನೇ ಕೊಲ್ಲುತ್ತದೆ. ಗ್ರಾನೈಟ್ ಕೊಯ್ಯುವವರು, ಟೈಲ್ಸ್ ಕತ್ತರಿಸುವವರು, ಕ್ರಷರಿನಲ್ಲಿ ದುಡಿಯುವವರಿಗೆ ಕ್ಷಯದ ಅಪಾಯ ಹೆಚ್ಚಲು ಇದೇ ಕಾರಣ. ನೀರು ಬಿಟ್ಟುಕೊಂಡು ಕಲ್ಲು ಕತ್ತರಿಸಿದರೆ ದೂಳು ಬಹಳಷ್ಟು ತಗ್ಗುತ್ತದೆ. ಬಾಯಿಗೆ ಕಟ್ಟಿದ ಟವೆಲ್ ಸಿಲಿಕಾವನ್ನು ತಡೆಯುವುದಿಲ್ಲ. ಗುತ್ತಿಗೆದಾರರಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಬೇಗ ಕಾಯಿಲೆಗೆ ಬೀಳುವವರನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದನ್ನೂ ಗೋವಾದ ಚರಿತ್ರೆ ನೆನಪಿಸುತ್ತದೆ. 1989ರ ಫೆಬ್ರವರಿಯಲ್ಲಿ ಪಾರಾ ಗ್ರಾಮದ ಡೊಮಿನಿಕ್ ಡಿಸೋಜಾ ಎಂಬ ತರುಣನನ್ನು ಪೊಲೀಸರು ಹಿಡಿದೊಯ್ದರು. ಆತ ಸ್ವಇಚ್ಛೆಯಿಂದ ರಕ್ತದಾನ ಮಾಡುತ್ತಿದ್ದವನು. ಆ ರಕ್ತದಲ್ಲಿ ಎಚ್‌ಐವಿ ಕಂಡಿತ್ತು. ರಾಜ್ಯದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಅವನನ್ನು ಮಾಪುಸಾದ ಹಳೆಯ ಕ್ಷಯ ಚಿಕಿತ್ಸಾಲಯದಲ್ಲಿ ಎರಡು ತಿಂಗಳಿಗೂ ಮೀರಿ ಕೂಡಿಹಾಕಿದರು. ಎಚ್‌ಐವಿ ಕುಗ್ಗಿಸುವುದು ಕ್ಷಯಾಣುವನ್ನು ಅಂಕೆಯಲ್ಲಿಡುವ ರಕ್ತಕಣಗಳನ್ನೇ. ಅಂಥ ಮೈಗೆ ಬೇಕಾದದ್ದು ಒಳ್ಳೆಯ ಊಟ, ಗಾಳಿ, ಆರೈಕೆ. ಸಿಕ್ಕಿದ್ದು ಕಾವಲು. ತಾಯಿ ಲೂಸಿ ಡಿಸೋಜಾ ಹೈಕೋರ್ಟ್ ಮೆಟ್ಟಿಲೇರಿದರು. ಹೊರಬಂದ ಡೊಮಿನಿಕ್ ತನ್ನಂಥವರಿಗಾಗಿ 'ಪಾಸಿಟಿವ್ ಪೀಪಲ್' ಸಂಸ್ಥೆ ಕಟ್ಟಿ 1992ರಲ್ಲಿ ತೀರಿಕೊಂಡ. ಇವತ್ತು ಎಚ್‌ಐವಿ ಇದ್ದವರಿಗೆ ಉಚಿತ ಮಾತ್ರೆ ಇದೆ, ಕ್ಷಯ ಬಾರದಂತೆ ತಡೆಯುವ ಔಷಧಿಯೂ ಇದೆ. ಆದರೂ ಕೆಮ್ಮುವವನನ್ನು ಖೋಲಿ ಬಿಡಿಸುವ ಮಾಲೀಕ, ಕೆಲಸ ಬಿಡಿಸುವ ಗುತ್ತಿಗೆದಾರ ಇನ್ನೂ ಇದ್ದಾರೆ. ಹಾಗಾಗಿಯೇ ರೋಗಿ ಕೆಮ್ಮನ್ನು ಮುಚ್ಚಿಡುತ್ತಾನೆ. ಆಗ ನಿಜವಾಗಿಯೂ ಸೋಂಕು ಖೋಲಿಯ ಉಳಿದವರಿಗೆ ಹರಡುತ್ತದೆ.

ಗೋವಾದಲ್ಲಿರುವ ನಮ್ಮವರಿಗೂ ಊರಲ್ಲಿ ಅವರ ದಾರಿ ಕಾಯುವವರಿಗೂ ಕೆಲವು ಮಾತು. ಎರಡು ವಾರ ದಾಟಿದ ಕೆಮ್ಮಿಗೆ ಔಷಧಿ ಅಂಗಡಿಯ ಸಿರಪ್ ಸಾಲದು, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ. ಕಫ ಕೊಡುವ ದಿನವೇ ಶುಗರ್ ಕೂಡ ನೋಡಿಸಿ. ಶುಗರ್ ಮಾತ್ರೆ ನುಂಗುತ್ತಿರುವವರು ಟಿಬಿ ಔಷಧಿ ಶುರುವಾದರೆ ವೈದ್ಯರಿಗೆ ಅದನ್ನು ಹೇಳಲೇಬೇಕು, ಏಕೆಂದರೆ ಟಿಬಿ ಔಷಧಿಯಲ್ಲಿರುವ ರಿಫಾಂಪಿಸಿನ್ ಹಲವು ಶುಗರ್ ಮಾತ್ರೆಗಳ ಬಲ ಕುಗ್ಗಿಸುತ್ತದೆ. ಮಧುಮೇಹಿಗಳು ಮಳೆಗಾಲದಲ್ಲಿ ಗದ್ದೆಗೋ ಕೆಸರಿಗೋ ಇಳಿಯುವಾಗ ಗಮ್‌ಬೂಟು ಹಾಕಿ, ಗಾಯ ಮುಚ್ಚಿಕೊಳ್ಳಿ. ಬಿಡದ ಜ್ವರ ಬಂದರೆ ರಕ್ತದ ಕಲ್ಚರ್ ಮಾಡಿಸುವಿರಾ ಎಂದು ವೈದ್ಯರನ್ನು ಕೇಳಿ, ಕೇಳಲು ಸಂಕೋಚ ಬೇಡ. ಕೂಸುಗಳಿಗೆ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲೆಡೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಿ. ವಯಸ್ಸಾದವರಿಗೆ, ಶುಗರ್ ಇರುವವರಿಗೆ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯಿರಿ. ಮನೆಯಲ್ಲಿ ಒಬ್ಬರಿಗೆ ಕ್ಷಯವಾದರೆ ಉಳಿದವರಿಗೂ ತಪಾಸಣೆ, ತಡೆಮಾತ್ರೆ ಇದೆ. ಜಾತ್ರೆಗೋ ಸುಗ್ಗಿಗೋ ಊರಿಗೆ ಹೊರಟಾಗ ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ. ವಾಸ್ಕೊದಲ್ಲಿ ಕೊಟ್ಟ ನಿಕ್ಷಯ್ ನಂಬರು (ಕ್ಷಯರೋಗಿಯ ನೋಂದಣಿ ಸಂಖ್ಯೆ) ತೋರಿಸಿದರೆ ಬಾದಾಮಿಯ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಮಾತ್ರೆ ಮುಂದುವರಿಯುತ್ತದೆ.