ಸ್ಟೇಟಸ್ ನೋಡಿದ್ದೆ, ಅವನನ್ನು ನೋಡಿರಲಿಲ್ಲ

ಪದವಿ ಮುಗಿಸುವಾಗ ನಾವು ನಾಲ್ವರು ಗೆಳೆಯರು ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೆವು. ನಾನು ಶಿಡ್ಲಘಟ್ಟದವನು. ಉಳಿದವರು ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದವರು. ಮೂರು ವರ್ಷ ಒಂದೇ ಬೆಂಚು, ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ. ‘ಊರು ಬೇರೆಯಾದರೇನು, ಗ್ರೂಪ್ ಇದೆಯಲ್ಲ’ ಎಂದುಕೊಂಡೇ ಬೀಳ್ಕೊಂಡೆವು.

ಗೌರಿಬಿದನೂರಿನ ಗೆಳೆಯನಿಗೆ ಬೆಂಗಳೂರಿನಲ್ಲಿ ಬೇಗ ಕೆಲಸ ಸಿಕ್ಕಿತು. ಇನ್‌ಸ್ಟಾಗ್ರಾಂ ತೆರೆದರೆ ಅವನದೇ ಫೋಟೊ: ಗಾಜಿನ ಕಟ್ಟಡ, ಕೊರಳಲ್ಲಿ ಐಡಿ ಕಾರ್ಡ್, ಭಾನುವಾರದ ನಂದಿಬೆಟ್ಟ. ನಾನೋ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಊರಲ್ಲೇ ಇದ್ದೆ. ಬೆಳಿಗ್ಗೆ ಅಪ್ಪನ ಜೊತೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಆಮೇಲೆ ಲೈಬ್ರರಿಗೆ ಹೋಗುತ್ತಿದ್ದೆ. ಮೊದಮೊದಲು ಅವನ ಫೋಟೊಗಳಿಗೆ ಲೈಕ್ ಒತ್ತುತ್ತಿದ್ದೆ. ಬರಬರುತ್ತಾ ನೋಡಿದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತಿತ್ತು. ಒಂದು ದಿನ ಅವನನ್ನು ಮ್ಯೂಟ್ ಮಾಡಿಬಿಟ್ಟೆ. ಅವನು ಎರಡು ಸಲ ಫೋನ್ ಮಾಡಿದ. ‘ಓದ್ತಿದ್ದೀನಿ, ಆಮೇಲೆ ಮಾಡ್ತೀನಿ’ ಎಂದು ಮೆಸೇಜ್ ಹಾಕಿದೆ. ಮಾಡಲಿಲ್ಲ.

ಕೆಲವು ತಿಂಗಳ ನಂತರ ಅವನ ಅಮ್ಮ ಫೋನ್ ಮಾಡಿದರು. ‘ಕೆಲ್ಸ ಹೋಗಿ ಎರಡು ತಿಂಗಳಾಯ್ತಪ್ಪ. ರೂಮ್ ಬಿಟ್ಟು ಹೊರಗೇ ಬರಲ್ಲ, ಸರಿಯಾಗಿ ಊಟಾನೂ ಮಾಡಲ್ಲ. ನೀನಾದ್ರೂ ಬಂದು ಮಾತಾಡ್ಸು’ ಎಂದರು. ನನಗೆ ನಂಬಲಾಗಲಿಲ್ಲ. ಹಿಂದಿನ ವಾರವಷ್ಟೇ ಚಿಂತಾಮಣಿಯ ಗೆಳೆಯ ಅವನ ಹೊಸ ಸ್ಟೇಟಸ್ ಕಳಿಸಿ, ‘ಜಮ್ ಅಂತ ಇದ್ದಾನೆ ನೋಡು’ ಎಂದಿದ್ದ.

ಮಾರನೇ ದಿನವೇ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿ, ಮಂಚೇನಹಳ್ಳಿ ದಾರಿಯಲ್ಲಿ ಗೌರಿಬಿದನೂರು ತಲುಪಿದೆ. ಅವನನ್ನು ಎಬ್ಬಿಸಿಕೊಂಡು ವಿದುರಾಶ್ವತ್ಥಕ್ಕೆ ಹೋದೆ. ನಾಗರಕಲ್ಲುಗಳ ಹತ್ತಿರ ಕೂತು ಅರ್ಧ ಗಂಟೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಹೇಳಿದ: ‘ಅವೆಲ್ಲ ಹಳೇ ಫೋಟೊ ಮಗಾ. ಕೆಲ್ಸ ಹೋಯ್ತು ಅಂತ ಸ್ಟೇಟಸ್ ಹಾಕಕ್ಕಾಗುತ್ತಾ? ನೀನು ನೋಡಿದ್ರೆ ಲೈಬ್ರರಿ, ಪುಸ್ತಕದ ರಾಶಿ ಫೋಟೊ ಹಾಕ್ತಿದ್ದೆ. ಇವ್ನು ಆಫೀಸರ್ ಆಗ್ಬಿಡ್ತಾನೆ, ನಾನೊಬ್ನೇ ಹಾಳಾದೆ ಅನ್ನಿಸ್ತು. ನಿನ್ನನ್ನ ಮ್ಯೂಟ್ ಮಾಡಿದ್ದೆ.’

ಅವನೂ ಮ್ಯೂಟ್ ಮಾಡಿದ್ದ! ಆ ಪುಸ್ತಕದ ರಾಶಿಯ ಫೋಟೊ ಹಾಕಿದ್ದು ನಾನು ಪರೀಕ್ಷೆಯಲ್ಲಿ ಫೇಲಾದ ದಿನ ಎಂದು ಹೇಳಿದೆ. ತಿಂಗಳುಗಳ ನಂತರ ಇಬ್ಬರೂ ನಕ್ಕೆವು. ನಗುತ್ತಲೇ ಅವನ ಕಣ್ಣು ತುಂಬಿತು.

ಸೋಷಿಯಲ್ ಮೀಡಿಯಾವನ್ನೇ ಬೈದು ಸುಮ್ಮನಾಗುವುದು ಸುಲಭ. ಆದರೆ ಉದ್ಯೋಗದ ಅಧಿಸೂಚನೆ ನನಗೆ ಮೊದಲು ಗೊತ್ತಾಗುವುದು ಟೆಲಿಗ್ರಾಂನಲ್ಲಿ. ಚಿಂತಾಮಣಿಯ ಗೆಳೆಯನ ಮನೆಯವರು ಟೊಮೆಟೊ ಬೆಲೆ ತಿಳಿಯುವುದು ವಾಟ್ಸ್‌ಆ್ಯಪ್‌ನಲ್ಲಿ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರು ಕೆಲವರಿಂದ 4 ವಾರ ಫೇಸ್‌ಬುಕ್ ಬಿಡಿಸಿ ನೋಡಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಮನೆಯವರು, ಗೆಳೆಯರ ಜೊತೆ ಕಳೆಯುವ ಹೊತ್ತು ಹೆಚ್ಚಿತು, ನೆಮ್ಮದಿಯೂ ಸ್ವಲ್ಪ ಹೆಚ್ಚಿತು. ಆದರೆ ಸುದ್ದಿಗಳ ಅರಿವು ಕಡಿಮೆಯಾಯಿತು. ಲಾಭ, ನಷ್ಟ ಎರಡೂ ಇವೆ.

ನನ್ನ ಮಟ್ಟಿಗೆ ಎಡವಿದ್ದು ಒಂದೇ ಕಡೆ: ನೋಡಿದ್ದನ್ನೇ ವಿಚಾರಿಸಿದ್ದು ಎಂದುಕೊಂಡಿದ್ದೆ. ಸ್ಟೇಟಸ್ ಕಂಡರೆ ಸಾಕು, ‘ಹೇಗಿದ್ದೀಯ’ ಎಂದು ಕೇಳುವ ಅಗತ್ಯವೇ ಇಲ್ಲ ಅನ್ನಿಸುತ್ತದೆ. ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಈಗ ಹರಾಜು ಮೊಬೈಲ್‌ನಲ್ಲೇ ನಡೆಯುತ್ತದೆ. ಆದರೂ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ ನೋಡಿಯೇ ಬೆಲೆ ಹಾಕುತ್ತಾರೆ. ಹೊರಗಿನ ಹೊಳಪು ನೋಡಿ ಒಳಗಿನದನ್ನು ತೀರ್ಮಾನಿಸಬಾರದು ಎಂಬುದು ಅವರಿಗೆ ಗೊತ್ತು. ಅಪ್ಪನ ಜೊತೆ ಎಷ್ಟೋ ಸಲ ಅಲ್ಲಿಗೆ ಹೋದ ನನಗೇ ಅದು ಹೊಳೆದಿರಲಿಲ್ಲ.

ಮೊಬೈಲ್ ಬಿಡಲಾಗದೆ ಒದ್ದಾಡುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ಶುರು ಮಾಡಿದೆ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆ ದಿನ ನನ್ನ ಗೆಳೆಯನ ಫೋನಿನಲ್ಲಿ ಈ ನಂಬರ್ ಸೇವ್ ಮಾಡಿಯೇ ಬಸ್ ಹತ್ತಿದೆ. ಅವನು ಕರೆ ಮಾಡಿ ಮಾತನಾಡಿದ ಕೂಡ.

ಈಗ ತಿಂಗಳಿಗೊಂದು ಭಾನುವಾರ ನಾಲ್ವರೂ ಯಾರಾದರೊಬ್ಬರ ಊರಿನಲ್ಲಿ ಸೇರುತ್ತೇವೆ. ದಿನ ಗೊತ್ತು ಮಾಡುವುದು ಅದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ನನಗೂ ಅವನಿಗೂ ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಅದನ್ನು ಮುಚ್ಚಿಡಬೇಕಾದ ಕಷ್ಟ ಈಗಿಲ್ಲ.

ನೀವೂ ಯಾರನ್ನಾದರೂ ಮ್ಯೂಟ್ ಮಾಡಿದ್ದೀರಾ? ಇವತ್ತು ಒಂದು ಫೋನ್ ಮಾಡಿ. ಅವರೂ ನಿಮ್ಮನ್ನು ಮ್ಯೂಟ್ ಮಾಡಿರಬಹುದು.